ಮೇಲ್ಹೊಲದ ಕಾಗೆ

ಪಾದ್ರಿ ಪ್ರಾರ್ಥನೆಗೆ ಕಣ್ಣು ಮುಚ್ಚಿದ್ದರು. ಚಾಪೆಲ್ ತುಂಬಿದ್ದ ಜನವೆಲ್ಲ ತಲೆ ತಗ್ಗಿಸಿತ್ತು. ಆ ಹೊತ್ತಿನಲ್ಲಿ ಮುಂದಿನ ಸಾಲಿನಲ್ಲಿದ್ದ ನೆಸ್ಟಾ ತಟ್ಟನೆ ತಲೆ ಎತ್ತಿ, ಪಕ್ಕದಲ್ಲಿದ್ದ ಗಂಡನ ಅಕ್ಕನ ತೋಳು ಹಿಡಿದು ಜಗ್ಗಿದಳು.

"ಬ್ಲೋದ್ವೆನ್, ಕಾಗೆಗೆ ನೀರು ಹಾಕ್ತಿರೋದು ಯಾರು?"

ಪಿಸುಮಾತೇ. ಆದರೂ ಹಿಂದಿನ ಸಾಲಿನವರೆಲ್ಲ ಕಣ್ಣು ತೆರೆದರು.

"ಯಾವ ಕಾಗೆ?"

"ನಿನ್ನ ತಮ್ಮನ ಕಾಗೆ. ಮೇಲ್ಹೊಲದ ಬೋನಿನಲ್ಲಿರೋದು."

"ಸುಮ್ನೆ ಕೂತ್ಕೊಳ್ಳೇ ತಾಯಿ. ಗಂಡನ ಹೆಣ ಎದುರಿಗಿದೆ, ಕಾಗೆ ಅಂತೆ ಕಾಗೆ."

ಹೆಣ ಎದುರಿಗೇ ಇತ್ತು. ಎಮ್ಲಿನ್ ತನ್ನ ಉದ್ದಕ್ಕೆ ತಕ್ಕ ಓಕ್ ಮರದ ಪೆಟ್ಟಿಗೆಯಲ್ಲಿ, ಮೇಲೆ ಹಳದಿ ಹೂ ಹೊತ್ತು ಮಲಗಿದ್ದ. ಸೋಮವಾರ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ಕುಸಿದವನು ಮತ್ತೆ ಏಳಲಿಲ್ಲ. ಈವತ್ತು ಶುಕ್ರವಾರ. ಪಾದ್ರಿ ಈಗಷ್ಟೇ ಊರಿನವರ ಉಪಕಾರವನ್ನು ಒಂದೊಂದಾಗಿ ನೆನೆದಿದ್ದರು. ಈಯುತ್ತಿದ್ದ ಕುರಿಗಳನ್ನು ಪಕ್ಕದ ಮನೆಯ ಗ್ವಿಲಿಮ್ ನೋಡಿಕೊಂಡ. ನಾಯಿಯನ್ನು ಅಂಚೆಯವನ ಹೆಂಡತಿ ಕರೆದೊಯ್ದು ಸಾಕಿದಳು. ಕೋಳಿಗಳಿಗೆ ಬ್ಲೋದ್ವೆನ್ ಕಾಳು ಹಾಕಿದಳು. ತಾಯಿ ಸತ್ತ ಎರಡು ಮರಿಗಳಿಗೆ ಯಾರೋ ಬಾಟಲಿಯಲ್ಲಿ ಹಾಲು ಕುಡಿಸಿದರು. ಮನೆಯ ಬೆಕ್ಕಿಗೂ ಒಂದು ಮಾತು ಸಂದಿತ್ತು. ಅದನ್ನೆಲ್ಲ ಕೇಳುತ್ತ ಕೇಳುತ್ತ ನೆಸ್ಟಾ ಬೆರಳು ಮಡಿಚಿ ಎಣಿಸಿದ್ದಳು. ಕಾಗೆಯ ಹೆಸರನ್ನು ಯಾರೂ ಎತ್ತಲಿಲ್ಲ.

ವರ್ಷವೆಲ್ಲ ಸುರಿದು ಜೀವ ಹಿಂಡುವ ಆಕಾಶ ಈ ವಾರವೇ ಬತ್ತಬೇಕಿತ್ತೇ? ಸೋಮವಾರದಿಂದ ಬೀಸುತ್ತಿದ್ದುದು ಬರಿಯ ಒಣಗಾಳಿ. ಆ ಕಾಗೆ ಬೋನಿನಲ್ಲಿ ಕೂತು ಯಾರ ದಾರಿ ಕಾಯುತ್ತಿದೆಯೋ, ಅವನು ಇಲ್ಲಿ ಹೂ ಹೊತ್ತು ಮಲಗಿದ್ದಾನೆ ಎಂದು ಅದಕ್ಕೆ ಹೇಳುವವರು ಯಾರು?

ಜನ ಎದ್ದು ಹಾಡತೊಡಗಿದರು. ಆ ಊರಿನವರು ಶವಸಂಸ್ಕಾರದಲ್ಲಿ ಹಾಡಿದರೆ ಗೋಡೆ ನಡುಗುತ್ತದೆ. ನೆಸ್ಟಾ ಹಾಡಿನ ಪುಸ್ತಕ ತೆರೆಯದೆ ಕಿಟಕಿಯತ್ತ ನೋಡಿದಳು.

*

ಎಮ್ಲಿನನಿಗೆ ಕಾಗೆ ಎಮ್ಲಿನ್ ಎಂಬ ಹೆಸರು ಅಂಟಿದ್ದು ಮದುವೆಯಾದ ಮೇಲೆ. ಆ ವಸಂತದಲ್ಲಿ ಒಂದು ಕುರಿ ಗುಂಡಿಯಲ್ಲಿ ಅಂಗಾತ ಬಿದ್ದು ಏಳಲಾರದೆ ಒದ್ದಾಡುತ್ತಿತ್ತು. ಮರಿಯ ತಲೆಯಷ್ಟೇ ಹೊರಬಂದಿತ್ತು. ಎಮ್ಲಿನ್ ಓಡಿ ಹೋಗುವಷ್ಟರಲ್ಲಿ ಕಾಗೆಗಳು ಮರಿಯ ನಾಲಿಗೆಯನ್ನೂ ತಾಯಿಯ ಕಣ್ಣುಗಳನ್ನೂ ಕಿತ್ತು ತಿಂದಿದ್ದವು. ಎರಡೂ ಇನ್ನೂ ಬದುಕಿದ್ದವು. ಅವನು ಮನೆಗೆ ಬಂದು ಕೈ ತೊಳೆದ, ಮತ್ತೆ ತೊಳೆದ, ಊಟ ಮಾಡಲಿಲ್ಲ.

ಮರುವಾರವೇ ತಂತಿಬಲೆಯ ಬೋನು ಕಟ್ಟಿದ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ ಅದು. ಬೋನಿನ ಒಂದು ಕೋಣೆಯಲ್ಲಿ ಜೀವಂತ ಕಾಗೆಯೊಂದನ್ನು ಇಡಬೇಕು. ಅದು ಕೂಗುತ್ತದೆ. ನಮ್ಮ ಜಾಗದಲ್ಲಿ ಇದ್ಯಾವನೋ ಬಂದು ಕೂತ ಎಂದು ಸುತ್ತಲಿನ ಕಾಗೆಗಳು ಜಗಳಕ್ಕೆ ಇಳಿಯುತ್ತವೆ. ಪಕ್ಕದ ಕೋಣೆಗೆ ಕಾಲಿಟ್ಟರೆ ಬಾಗಿಲು ಬೀಳುತ್ತದೆ. ಉದ್ದ ಬಾಲದ ಮ್ಯಾಗ್‌ಪೈ ಹಕ್ಕಿಗಳ ಪಾಡೂ ಅದೇ. ಬಿದ್ದವುಗಳ ಕತ್ತನ್ನು ಎಮ್ಲಿನ್ ಒಂದೇ ತಿರುವಿಗೆ ಮುರಿಯುತ್ತಿದ್ದ. ಕರೆಯುವ ಕಾಗೆಗೆ ಮಾತ್ರ ದಿನವೂ ಮಾಂಸ, ನೀರು, ಗಾಳಿಗೆ ಮರೆ. ಅದು ಮುದಿಯಾಗಿ ಸತ್ತರೆ, ಬಿದ್ದವುಗಳಲ್ಲೊಂದು ಅದರ ಜಾಗಕ್ಕೆ ಬರುತ್ತಿತ್ತು. ಬೋನನ್ನು ದಿನಕ್ಕೊಮ್ಮೆ ನೋಡಲೇಬೇಕೆಂದು ಕಾನೂನೂ ಇತ್ತು. ಎಮ್ಲಿನನಿಗೆ ಕಾನೂನು ಬೇಕಿರಲಿಲ್ಲ. ಜ್ವರವಿರಲಿ, ಹಿಮ ಬೀಳಲಿ, ಅವನು ಹತ್ತಿ ಹೋಗುತ್ತಿದ್ದ.

"ಶತ್ರುಗೆ ಉಪಚಾರ ಮಾಡೋದು ನಿನ್ನ ನೋಡಿ ಕಲೀಬೇಕು ಮಾರಾಯ," ಎಂದು ಗ್ವಿಲಿಮ್ ನಗುತ್ತಿದ್ದ.

"ನನ್ನ ಕೆಲಸಕ್ಕೆ ಅದನ್ನ ಕೂಡಿಹಾಕಿದೀನಿ. ಅನ್ನ ನೀರು ನನ್ನದೇ," ಎನ್ನುತ್ತಿದ್ದ ಎಮ್ಲಿನ್.

ಕುರಿಮರಿಗಳು ಉಳಿದವು. ಬೇಲಿಯ ಹಾಡುಹಕ್ಕಿಗಳ ನೀಲಿ ಮೊಟ್ಟೆಗಳು ಉಳಿದವು. ಮೇಲ್ಹೊಲದ ಜೌಗಿನಲ್ಲಿ, ಬೇರೆ ಎಲ್ಲ ಕಡೆ ಮಾಯವಾಗಿದ್ದ ಬಾಗುಕೊಕ್ಕಿನ ಹಕ್ಕಿಯ ಜೋಡಿ ಪ್ರತಿವರ್ಷ ಮರಿ ಮಾಡಿತು. ಮಗ ಗೆತಿನ್ ನಡೆಯಲು ಕಲಿತ ಮೇಲೆ ಅಪ್ಪನ ಹಿಂದೆಯೇ ಬೆಟ್ಟ ಹತ್ತುತ್ತಿದ್ದ.

*

ಮಣ್ಣು ಹಾಕಿಯಾದ ಮೇಲೆ ಗೋರಿಯ ಬಳಿಯೇ ನೆಸ್ಟಾ ಗ್ವಿಲಿಮ್‌ನನ್ನು ತಡೆದಳು. ಅವನ ಬೆರಳುಗಳಿಗೆ ಇನ್ನೂ ಮಣ್ಣು ಅಂಟಿತ್ತು.

"ಬೋನು ನೋಡಿದ್ಯಾ?"

"ಯಾವ ಬೋನು? ನಾನು ಕೆಳಗಿನ ಹೊಲದ ಕುರಿ ನೋಡ್ದೆ. ಮೇಲಿಂದು ನಿಮ್ಮವರೇ ಯಾರೋ ನೋಡ್ತಿದಾರೆ ಅಂದ್ಕೊಂಡೆ." ಅವನ ಮುಖ ಸಪ್ಪಗಾಯಿತು. "ಬ್ಲೋದ್ವೆನ್ ಕೋಳಿಗೆ ಕಾಳು ಹಾಕ್ತಿದ್ಲಲ್ಲ..."

"ಕೋಳಿ ಅಂದ್ರೆ ಕೋಳಿ," ಎಂದಳು ಬ್ಲೋದ್ವೆನ್. "ನನ್ನ ಮೊಣಕಾಲು ಇಟ್ಕೊಂಡು ಆ ಬೆಟ್ಟ ಹತ್ತಕ್ಕಾಗುತ್ತಾ? ನೀನು ನೋಡ್ತೀಯ ಅಂತ ನಾನಿದ್ದೆ."

ಹೀಗೆ ಅವರು ಇವರನ್ನು ನಂಬಿ, ಇವರು ಅವರನ್ನು ನಂಬಿ, ಕಾಗೆಯನ್ನು ಎಲ್ಲರೂ ಸೇರಿ ಕೈಬಿಟ್ಟಿದ್ದರು. ಬೇಕೆಂದು ಮಾಡಿದ್ದಲ್ಲ. ಶತ್ರುವಿಗೂ ಹಸಿವಾಗುತ್ತದೆ ಎಂದು ಯಾರ ನೆನಪಿಗೂ ಬರಲಿಲ್ಲ, ಅಷ್ಟೇ.

"ಇಷ್ಟು ಹೊತ್ತಿಗೆ ಸತ್ತಿರುತ್ತೆ ಬಿಡು ನೆಸ್ಟಾ," ಎಂದ ಗ್ವಿಲಿಮ್, ಸಮಾಧಾನದ ದನಿಯಲ್ಲೇ. "ಕಾಗೆ ತಾನೇ. ಅವನೇ ಎಷ್ಟು ಕೊಂದಿಲ್ಲ?"

"ಕೊಂದಿದಾನೆ. ಬಾಯಾರಿಸಿ ಸಾಯಿಸಿಲ್ಲ."

"ನಾಳೆ ಬೆಳಿಗ್ಗೆ ನಾನೇ ಹೋಗಿ ಬರ್ತೀನಿ."

"ನಾಳೆ ತನಕ ಇರುತ್ತಾ?"

ಗ್ವಿಲಿಮ್ ಬೆರಳುಗಳ ಮಣ್ಣು ಉಜ್ಜಿಕೊಂಡ. ಹೆಂಗಸರು ಆಗಲೇ ಅವಳನ್ನು ಚಾಪೆಲ್ಲಿನ ಹಿಂದಿನ ಕೋಣೆಯತ್ತ ನಡೆಸುತ್ತಿದ್ದರು. ಅಲ್ಲಿ ಉದ್ದ ಮೇಜಿನ ಮೇಲೆ ಹಂದಿಮಾಂಸದ ಹೋಳುಗಳು, ಬೆಣ್ಣೆ ಸವರಿದ ಒಣದ್ರಾಕ್ಷಿಯ ರೊಟ್ಟಿ, ದೊಡ್ಡ ಹಂಡೆಯಲ್ಲಿ ಟೀ. ಯಾರೋ ಅವಳ ಕೈಗೆ ತಟ್ಟೆ ಕೊಟ್ಟರು. ಒಬ್ಬೊಬ್ಬರೂ ಬಂದು ಅವಳ ಕೈ ಹಿಡಿದರು.

"ಪುಣ್ಯಾತ್ಮ. ಒಂದಿನ ಮಲಗ್ಲಿಲ್ಲ, ಯಾರ ಕೈಲೂ ಮಾಡಿಸ್ಕೊಳ್ಳಲಿಲ್ಲ," ಎಂದಳು ಅಂಚೆಯವನ ಹೆಂಡತಿ.

ನೆಸ್ಟಾ ತಲೆಯಾಡಿಸಿದಳು. ಕಿಟಕಿಯಾಚೆ ಬೆಟ್ಟ ಕಾಣುತ್ತಿತ್ತು. ಇದೇ ಕಿಟಕಿ, ಇದೇ ತಟ್ಟೆ. ಹಿಂದೆಯೂ ಒಮ್ಮೆ ಅವಳು ಇಲ್ಲಿ ಹೀಗೆಯೇ ನಿಂತಿದ್ದಳು.

*

ಗೆತಿನ್‌ಗೆ ಆಗ ಏಳು ವರ್ಷ. ರಾತ್ರಿ ತಲೆನೋವೆಂದು ಮಲಗಿದವನನ್ನು ಮಿದುಳಿನ ಜ್ವರ ಮರುದಿನ ಸಂಜೆಯೊಳಗೆ ಒಯ್ದಿತು. ಆ ಕಾಲದಲ್ಲಿ ಗೋರಿಯ ತನಕ ಹೋಗುತ್ತಿದ್ದವರು ಗಂಡಸರು ಮಾತ್ರ. ಹೆತ್ತವಳು ಈ ಕೋಣೆಯಲ್ಲಿ ಟೀ ಕಾಯಿಸುವವರ ನಡುವೆ ನಿಂತು, ಮಗನನ್ನು ಮಣ್ಣಿಗಿಟ್ಟು ಗಂಡ ಬರಲಿ ಎಂದು ಕಾದಳು. ಗಂಡಸರೆಲ್ಲ ಬಂದರು. ಟೋಪಿ ತೆಗೆದರು, ತಿಂದರು. ಎಮ್ಲಿನ್ ಬರಲಿಲ್ಲ.

ಅವನು ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಶವಸಂಸ್ಕಾರಕ್ಕೆ ಹಾಕಿಕೊಂಡ ಶೂಗಳ ತುಂಬ ಜೌಗಿನ ಕೆಸರು.

"ಎಲ್ಲಿಗೆ ಹೋಗಿದ್ದೆ?"

"ಮೇಲ್ಹೊಲಕ್ಕೆ. ಕಾಗೆಗೆ ನೀರಿರಲಿಲ್ಲ."

"ಹೆತ್ತ ಮಗನ್ನ ಮಣ್ಣಿಗಿಟ್ಟು, ಕಾಗೆಗೆ ನೀರು ಹಾಕಕ್ಕೆ ಹೋದ್ಯಾ? ಕರುಳು ಅನ್ನೋದು ಇದೆಯೋ ಇಲ್ವೋ ನಿನಗೆ?"

ಅವನು ಬಗ್ಗಿ ಶೂವಿನ ಲೇಸು ಬಿಚ್ಚತೊಡಗಿದ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಎಸೆದಳು. ಅವನು ಚೂರುಗಳನ್ನು ಆಯ್ದು ಗುಡಿಸಿದ.

ಆ ವಾರವೇ ಅವಳು ಮಗನ ಗಂಜಿಬಟ್ಟಲಿಗಾಗಿ ಮನೆ ಶೋಧಿಸಿದ್ದು. ನೀಲಿ ಅಂಚಿನ ಎನಾಮಲ್ ಬಟ್ಟಲು, ತಳದಲ್ಲಿ ಕೆಂಪು ರೈಲಿನ ಚಿತ್ರ. "ಪೂರ್ತಿ ತಿಂದ್ರೆ ರೈಲು ಬರುತ್ತೆ," ಎಂದು ಪುಸಲಾಯಿಸಿ ಅವಳು ಉಣಿಸುತ್ತಿದ್ದ ಬಟ್ಟಲು. ಅದು ಎಲ್ಲೂ ಸಿಗಲಿಲ್ಲ. ಮನೆ ಓರಣ ಮಾಡಲು ಬಂದಿದ್ದ ಬ್ಲೋದ್ವೆನ್ ಹಳೆಯ ಪಾತ್ರೆಗಳ ಜೊತೆ ಚಾಪೆಲ್ಲಿಗೆ ದಾನ ಕೊಟ್ಟಿರಬೇಕೆಂದು ನೆಸ್ಟಾ ಅವಳ ಮೇಲೆ ಹೊರಿಸಿದಳು. ಅವಳು ಅತ್ತು ಆಣೆಯಿಟ್ಟರೂ ನಂಬಲಿಲ್ಲ. ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟರು. ಎಮ್ಲಿನ್ ಎಲ್ಲವನ್ನೂ ಕೇಳಿಕೊಂಡು ತಲೆ ತಗ್ಗಿಸಿ ಕೂತಿದ್ದ.

ಗಂಡಹೆಂಡಿರ ನಡುವೆ ಆಮೇಲೆ ಉಳಿದದ್ದು ಉಪ್ಪು, ಉಣ್ಣೆ, ಕುರಿಗಳ ಮಾತು. ಇಪ್ಪತ್ತು ವರ್ಷದ ಮೇಲಾಯಿತು. ನೆಸ್ಟಾ ಮೇಲ್ಹೊಲಕ್ಕೆ ಮತ್ತೆ ಕಾಲಿಡಲಿಲ್ಲ. ಮಗನನ್ನು ಮಣ್ಣಿಗಿಟ್ಟ ದಿನ ಅಲ್ಲಿಗೆ ಹೋದದ್ದಕ್ಕೆ ಅವನನ್ನು ಕ್ಷಮಿಸಲೂ ಇಲ್ಲ.

*

ತಟ್ಟೆಯಲ್ಲಿದ್ದ ಮಾಂಸವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೆಸ್ಟಾ ಹಿಂಬಾಗಿಲಿನಿಂದ ಹೊರಟಳು. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಏದುಸಿರು ಕೇಳಿಸಿತು.

"ಜನ ಏನಂತಾರೆ? ಸತ್ತವನ ಹೆಂಡತಿ ಊಟ ಕದ್ಕೊಂಡು ಓಡಿ ಹೋದ್ಲು ಅಂತಾರೆ," ಎಂದಳು ಬ್ಲೋದ್ವೆನ್.

"ಅನ್ನಲಿ. ನೀನ್ಯಾಕೆ ಬಂದೆ? ಮೊಣಕಾಲು?"

"ಮೊಣಕಾಲು ಇಲ್ಲೇ ಇದೆ, ಎಲ್ಲಿಗೆ ಹೋಗುತ್ತೆ. ನೀನು ಬಿದ್ದು ಸತ್ತರೆ ಅದೇ ಟೀಯಲ್ಲಿ ನಿನ್ನದೂ ಮುಗಿಸ್ಬೋದು ಅಂತ ಬಂದೆ. ನಡಿ."

ಕಪ್ಪು ಬಟ್ಟೆಯ ಇಬ್ಬರು ಮುದುಕಿಯರು ಬೆಟ್ಟ ಹತ್ತಿದರು. ಹುಲ್ಲು ಕಾಲಡಿಯಲ್ಲಿ ಚರಚರ ಎನ್ನುತ್ತಿತ್ತು. ನೆಸ್ಟಾ ಮನಸ್ಸಿನಲ್ಲೇ ಬೇಡುತ್ತಿದ್ದಳು: ಇರು, ಸಾಯಬೇಡ, ಅವನು ಅಷ್ಟು ವರ್ಷ ತಪ್ಪಿಸದ್ದು ನನ್ನ ಕೈಯಲ್ಲಿ ತಪ್ಪದಿರಲಿ. ಕೂಗು ಕೇಳುತ್ತದೇನೋ ಎಂದು ನಿಂತು ನಿಂತು ಕಿವಿಗೊಟ್ಟಳು. ಗಾಳಿಯ ಸದ್ದು ಮಾತ್ರ.

ಕಲ್ಲುಗೋಡೆಯ ಮರೆಯಲ್ಲಿ ಬೋನು ಕಂಡಿತು. ಮೊದಲು ಕಣ್ಣಿಗೆ ಬಿದ್ದದ್ದು ಸತ್ತ ಕಾಗೆ. ರೆಕ್ಕೆ ಹರಡಿ, ಕೊಕ್ಕು ತೆರೆದು, ತಂತಿಗೆ ಒರಗಿತ್ತು. ತಂತಿಯನ್ನು ಕುಕ್ಕಿ ಕುಕ್ಕಿ ಕೊಕ್ಕಿನ ತುದಿ ಕಿತ್ತುಹೋಗಿತ್ತು.

ನೆಸ್ಟಾ ಮಾಂಸದ ಗಂಟನ್ನು ಹುಲ್ಲಿನ ಮೇಲೆ ಇಟ್ಟುಬಿಟ್ಟಳು. "ಹೋಯ್ತು. ಹೋಗೇ ಬಿಡ್ತು, ಬ್ಲೋದ್ವೆನ್."

ಬ್ಲೋದ್ವೆನ್ ಬಗ್ಗಿ ನೋಡಿದಳು. "ತಾಳು. ಇದು ಹೊರಗಿಂದ ಬಂದು ಬಿದ್ದಿದ್ದು. ಅವನದು ಆ ಕಡೆ."

ಆ ಕಡೆಯ ಕೋಣೆಯಲ್ಲಿ, ಹಲಗೆಯ ಮರೆಯಲ್ಲಿ, ಕಪ್ಪು ಮುದ್ದೆಯೊಂದು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಎದೆಯ ಪುಕ್ಕ ಮಾತ್ರ ಸಣ್ಣಗೆ ಏರಿಳಿಯುತ್ತಿತ್ತು. ಅದರ ಮುಂದೆ ಒಣಗಿದ ಮೊಲದ ಮೂಳೆಗಳು. ಮಗುಚಿ ಬಿದ್ದ ಒಂದು ಬಟ್ಟಲು.

ನೆಸ್ಟಾ ಬಾಗಿಲ ಕೊಂಡಿ ತೆಗೆದು ಕೈ ಹಾಕಿ ಬಟ್ಟಲನ್ನು ಹೊರತೆಗೆದಳು. ಅಂಚಿನ ನೀಲಿ ಅಲ್ಲಲ್ಲಿ ಹಾರಿ ತುಕ್ಕು ಕಂಡಿತ್ತು. ತಿರುಗಿಸಿದಳು. ದಿನವೂ ಉಜ್ಜಿ ಉಜ್ಜಿ ಬಣ್ಣ ತೆಳುವಾಗಿದ್ದರೂ ಕೆಂಪು ರೈಲು ತಳದಲ್ಲಿ ಹಾಗೆಯೇ ಇತ್ತು.

ಬ್ಲೋದ್ವೆನ್ ಬಗ್ಗಿ ಬೆರಳಿನಿಂದ ರೈಲನ್ನು ಮುಟ್ಟಿದಳು.

"ನಾನು ತಗೊಂಡಿಲ್ಲ ಅಂತ ಹೇಳಿದ್ದೆ," ಎಂದಳು ಬ್ಲೋದ್ವೆನ್. ಗೆದ್ದವಳ ದನಿಯಲ್ಲ ಅದು. "ಆ ಹುಡುಗ ಗಂಜಿ ಕುಡಿದು ಬಟ್ಟಲು ಹಿಡ್ಕೊಂಡೇ ಅಪ್ಪನ ಹಿಂದೆ ಓಡ್ತಿದ್ದ. ಇಲ್ಲೇ ಬಿಟ್ಟಿದ್ದ ಅನ್ಸುತ್ತೆ."

"ನನಗೆ ಹೇಳ್ಬೋದಿತ್ತಲ್ಲ ಅವನು! ಒಂದು ಮಾತು!" ನೆಸ್ಟಾ ಬಟ್ಟಲನ್ನು ಎದೆಗೆ ಒತ್ತಿಕೊಂಡು ಕೂಗಿದಳು. "ಒಂದೇ ಒಂದು ಮಾತು!"

"ಹೇಳಿದ್ರೆ ನೀನು ಮನೆಗೆ ತಗೊಂಡು ಹೋಗ್ತಿದ್ದೆ. ಆಮೇಲೆ ಅವನು ದಿನಾ ಎಲ್ಲಿಗೆ ಬರ್ಬೇಕಿತ್ತು?"

ಹಳ್ಳದಲ್ಲಿ ಕಲ್ಲುಗಳ ನಡುವೆ ಸ್ವಲ್ಪ ನೀರಿತ್ತು. ನೆಸ್ಟಾ ಬಟ್ಟಲು ತೊಳೆದು, ತುಂಬಿಸಿ, ಎರಡು ಕೈಯಲ್ಲಿ ಹಿಡಿದು ತಂದಳು. ಬೋನಿನೊಳಗೆ ಇಟ್ಟಳು. ಪಕ್ಕದಲ್ಲಿ ಮಾಂಸ ಹರಡಿದಳು. ಕಾಗೆ ಕಣ್ಣು ತೆರೆದು ಅವಳನ್ನು ನೋಡಿತು. ಹಲಗೆಗೆ ಇನ್ನಷ್ಟು ಒತ್ತಿಕೊಂಡಿತು.

"ಕುಡಿಯೋ. ಕುಡಿ."

ಅದು ಅಲುಗಲಿಲ್ಲ.

"ನಿನ್ನ ಪರಿಚಯ ಇಲ್ಲ ಅದಕ್ಕೆ. ಸ್ವಲ್ಪ ಹಿಂದೆ ಬಾ," ಎಂದಳು ಬ್ಲೋದ್ವೆನ್.

ನೆಸ್ಟಾ ಹಿಂದೆ ಸರಿಯಲಿಲ್ಲ. ಒಣಹುಲ್ಲಿನ ಮೇಲೆ ಮೊಣಕಾಲೂರಿ, ತಂತಿಗೆ ಹಣೆ ಒತ್ತಿದಳು. ಅವನು ಇದರೊಡನೆ ಏನು ಮಾತಾಡುತ್ತಿದ್ದನೋ ಅವಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನೊಡನೆ ಏನು ಮಾತಾಡಬೇಕೆಂದೂ ಗೊತ್ತಿರಲಿಲ್ಲ.

"ನಾಳೆನೂ ಬರ್ತೀನಿ," ಎಂದಳು. "ದಿನಾ ಬರ್ತೀನಿ. ತಪ್ಪಿಸಲ್ಲ."

ಕಾಗೆ ಕತ್ತು ಓರೆ ಮಾಡಿತು.

"ಕರುಳಿಲ್ವಾ ಅಂತ ಕೇಳ್ದೆನಲ್ಲ ಅವತ್ತು." ಅವಳು ತಂತಿಯೊಳಗೆ ಬೆರಳು ತೂರಿಸಿದಳು. "ಕೇಳ್ಬಾರದಿತ್ತು ಕಣೋ. ಎಮ್ಲಿನ್, ಕೇಳ್ಬಾರದಿತ್ತು."

ಬ್ಲೋದ್ವೆನ್ ಮುಖ ತಿರುಗಿಸಿದಳು. ಜೌಗಿನ ಕಡೆಯಿಂದ ಬಾಗುಕೊಕ್ಕಿನ ಹಕ್ಕಿ ಒಮ್ಮೆ ಉದ್ದಕ್ಕೆ ಕೂಗಿ ಸುಮ್ಮನಾಯಿತು.

ಕಾಗೆ ಒಂದು ಕಾಲು ಮುಂದಿಟ್ಟಿತು. ತೂರಾಡಿತು. ಇನ್ನೊಂದು ಕಾಲಿಟ್ಟಿತು. ಬಟ್ಟಲಿನ ಅಂಚಿಗೆ ಬಂದು, ಅವಳನ್ನು ಇನ್ನೊಮ್ಮೆ ನೋಡಿ, ಕೊಕ್ಕನ್ನು ನೀರಿಗೆ ಅದ್ದಿ ತಲೆ ಎತ್ತಿ ನುಂಗಿತು. ಕಲಕಿದ ನೀರಿನ ಅಡಿಯಲ್ಲಿ ಕೆಂಪು ರೈಲು ಮೆಲ್ಲಗೆ ಅಲುಗಾಡಿತು.