ಅಕ್ಕನ ಮನೆಯ ಕೆಳಗಿನ ಹಳ್ಳ

ನಗರ ಯೋಜನಾ ಕಚೇರಿಯಲ್ಲಿ ಎಲ್ಲರೂ ಅವಳನ್ನು ನಕ್ಷೆ ಮೇಡಂ ಎಂದೇ ಕರೆಯುತ್ತಿದ್ದರು. ಸುತ್ತಲಿನ ಯಾವ ಯಾವ ನೆಲದ ನೀರು ಹರಿದು ನದಿ ಸೇರುತ್ತದೋ ಆ ಇಡೀ ಜಲಾನಯನವನ್ನು ಊರು ಹೇಗೆ ನುಂಗುತ್ತ ಬಂದಿದೆ ಎಂದು ನಕ್ಷೆಯಲ್ಲಿ ತೋರಿಸುವುದು ಅವಳ ಕೆಲಸ. ಹಳೆಯ ಉಪಗ್ರಹ ಚಿತ್ರಗಳನ್ನು ಹೊಸವುಗಳ ಪಕ್ಕ ಇಟ್ಟು, ಕಾಂಕ್ರೀಟು ಬಿದ್ದಲ್ಲಿ ಕೆಂಪು, ಮಣ್ಣು ಉಳಿದಲ್ಲಿ ಹಸಿರು, ಹಳ್ಳಗಳಿಗೆ ನೀಲಿ ಹಚ್ಚುತ್ತ ಎರಡು ವರ್ಷ ಕಳೆದಿದ್ದಳು. ಕೂತಲ್ಲೇ ಮಾಡಿದ ಕೆಲಸವಲ್ಲ ಅದು. ಮೊಣಕಾಲುದ್ದ ಬೂಟು ಹಾಕಿಕೊಂಡು ಮೋರಿಗಳಿಗೆ ಇಳಿದಿದ್ದಳು, ಅಂಗಡಿ ಸಾಲುಗಳ ಹಿತ್ತಿಲಲ್ಲಿ ಹಳ್ಳ ಹುಡುಕಿಕೊಂಡು ಹೋಗಿ ನಾಯಿಗಳಿಂದ ಓಡಿಸಿಕೊಂಡಿದ್ದಳು. ಹಲವು ಕಡೆ ಹಳ್ಳ ಯಾರದೋ ಕಾಂಪೌಂಡಿನವರೆಗೆ ಬಂದು ಅಲ್ಲೇ ಮಾಯವಾಗುತ್ತಿತ್ತು.

ನಕ್ಷೆ ಹೇಳುತ್ತಿದ್ದುದು ಸರಳವಾದ ಮಾತು. ಮೊದಲೆಲ್ಲ ಮಳೆ ನೀರು ನೆಲಕ್ಕೆ ಇಂಗಿ ನಿಧಾನವಾಗಿ ನದಿಗೆ ಬರುತ್ತಿತ್ತು. ಈಗ ತಾರಸಿ, ರಸ್ತೆಗಳ ಮೇಲಿಂದ ಜಾರಿ ಒಂದೇ ಉಸಿರಿಗೆ ನುಗ್ಗುತ್ತದೆ. ಮಳೆ ನಿಂತರೆ ನದಿಯಲ್ಲಿ ಕಾಲು ತೊಳೆಯುವಷ್ಟೂ ನೀರಿರುವುದಿಲ್ಲ.

ಕರಡು ನೋಡಿದ ಸಾಹೇಬರು ಕನ್ನಡಕವನ್ನು ಹಣೆಗೇರಿಸಿದರು.

“ಏನಮ್ಮಾ ಇದು, ಊರಿಗೆ ದಡಾರ ಎದ್ದ ಹಾಗಿದೆ! ಸ್ವಲ್ಪ ತಿಳಿ ಬಣ್ಣ ಹಾಕಿ.”

“ಬಣ್ಣ ತಿಳಿಯಾದ್ರೆ ಕಾಂಕ್ರೀಟು ಕಮ್ಮಿ ಆಗುತ್ತಾ ಸಾರ್?”

“ಇಲ್ಲ. ಮೇಲಿನವರ ಫೋನು ಕಮ್ಮಿ ಆಗುತ್ತೆ.”

ಕೆಂಪು ಗುಲಾಬಿಯಾಯಿತು. ಗುಲಾಬಿಯೂ ಹೋಗಿ ಮರಳಿನ ಬಣ್ಣ ಬಂತು. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು ತಿದ್ದಿದಳು. ಗೆರೆಗಳಿಗಂತೂ ಯಾರೂ ಕೈ ಹಾಕಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಜನರ ಆಕ್ಷೇಪಣೆ ಕೇಳಲೆಂದು ಕರಡನ್ನು ಕಚೇರಿಯ ಮೊಗಸಾಲೆಯಲ್ಲಿ ತೂಗುಹಾಕಿದ ವಾರವೇ ತಗ್ಗಿನ ಬಡಾವಣೆಯವರು ಗುಂಪಾಗಿ ಬಂದರು. ಅವರ ಮುಂದೆ, ಒಳ್ಳೆಯ ಸೀರೆ ಉಟ್ಟು, ಅವಳ ಒಡಹುಟ್ಟಿದ ಅಕ್ಕ ನಿಂತಿದ್ದಳು.

“ನಮ್ಮ ಬೀದಿ ಉದ್ದಕ್ಕೂ ನೀಲಿ ಗೆರೆ ಎಳೆದಿದ್ದೀರಿ. ಹಳ್ಳ ಎಲ್ಲಿದೆ? ಬಂದು ತೋರಿಸಿ ನೋಡೋಣ,” ಎಂದಳು ಅಕ್ಕ. ಹುಟ್ಟಿದಾಗಿನಿಂದ ‘ಪುಟ್ಟಿ, ನೀನು’ ಎನ್ನುತ್ತಿದ್ದವಳ ಬಾಯಲ್ಲಿ ಈ ‘ನೀವು’ ಕೇಳಿ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

“ಮುಚ್ಚಿಬಿಟ್ಟಿದ್ದಾರೆ. ನೆಲದ ಕೆಳಗೆ ಈಗ್ಲೂ ಹರೀತಿದೆ,” ಎಂದಳು.

“ಕಾಣದೇ ಇರೋದನ್ನೆಲ್ಲ ಬರೆಯೋಕೆ ಇದೇನು ಕಟ್ಟುಕತೆನಾ?” ಅಕ್ಕನ ಈ ಮಾತಿಗೆ ಗುಂಪಿನಲ್ಲಿ ನಗು ಎದ್ದಿತು. ಸಾಹೇಬರೂ ನಕ್ಕರು.

ಭಾನುವಾರ ಬೆಳಗ್ಗೆ ಅವಳು ಸಿಟ್ಟಿನಲ್ಲೇ ಅಕ್ಕನ ಮನೆಗೆ ಹೋದಳು. ಒಳಕೋಣೆಯಿಂದ ಭಾವನ ಕೆಮ್ಮು ಕೇಳುತ್ತಿತ್ತು. ಅಕ್ಕ ಅಡುಗೆಮನೆಯಲ್ಲಿದ್ದಳು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳಿಗೆ ಒಲೆಯ ಮುಂದಿನ ಚಾಪೆ ತಣ್ಣಗೆ, ಜವುಗಾಗಿ ತಗುಲಿತು. ಬಗ್ಗಿ ಚಾಪೆ ಎತ್ತಿದಳು. ಟೈಲ್ಸ್ ಉಬ್ಬಿ ಬಾಯಿ ಬಿಟ್ಟಿದ್ದವು. ಸಂದಿನಲ್ಲಿ ನೀರು ಜಿನುಗುತ್ತಿತ್ತು.

“ನಿನಗೆ ಗೊತ್ತಿತ್ತು ಅಲ್ವಾ?”

ಅಕ್ಕ ಅವಳ ಕೈಯಿಂದ ಚಾಪೆ ಕಸಿದು ಮತ್ತೆ ಹಾಸಿದಳು. “ಗೊತ್ತಿಲ್ದೆ ಏನು? ಗೋಡೇಲಿ ಬೂಷ್ಟು, ಬಟ್ಟೇಲಿ ಬೂಷ್ಟು, ನಿಮ್ಮ ಭಾವನ ಎದೇಲೂ ಬೂಷ್ಟು. ಡಾಕ್ಟ್ರು ಮನೆ ಬದಲಾಯಿಸಿ ಅಂದಿದ್ದಾರೆ. ಇದನ್ನ ಮಾರದೆ ಬೇರೆ ಕಡೆ ಹೋಗೋದು ಹೇಗೆ? ನಿನ್ನ ಆ ಗೆರೆ ಇದ್ರೆ ಇತ್ತ ಕಡೆ ಯಾರು ತಲೆ ಹಾಕ್ತಾರೆ?”

“ತಗೊಳ್ಳೋರಿಗೂ ಎದೆ ಇರುತ್ತಲ್ಲಕ್ಕ.”

“ಅವರ ಎದೆ ಅವರು ನೋಡ್ಕೋತಾರೆ. ನೀನು ನಿನ್ನ ಭಾವನ ಎದೆ ನೋಡು.”

ಭಾವ ಹೊರಗೆ ಬಂದು, ಏನೂ ಕೇಳಿಸದವರಂತೆ, “ಯಾವಾಗ ಬಂದ್ಯಮ್ಮಾ?” ಎಂದರು. ಅವಳು ಕೂರದೆ ಹಿಂದಿರುಗಿದಳು.

ಆಕ್ಷೇಪಣೆಗಳ ಸಭೆಯಲ್ಲಿ ಅವಳು ಹಳೆಯ ಚಿತ್ರವನ್ನು ಸಾಹೇಬರ ಮೇಜಿನ ಮೇಲೆ ಹರಡಿದಳು. ಗದ್ದೆಗಳ ನಡುವೆ ಹಳ್ಳ ಸ್ಪಷ್ಟವಾಗಿ ಹೊಳೆಯುತ್ತಿತ್ತು.

“ನಾನೇನು ಕುರುಡನಾ?” ಸಾಹೇಬರು ಬೇಸರದಿಂದ ಹೇಳಿದರು. “ಇದು ಜನರ ಅಪೇಕ್ಷೆ. ಅಳಿಸಿ ಬಿಡಿ.”

“ನನ್ನ ಕೈಯಲ್ಲಿ ಆಗಲ್ಲ ಸಾರ್.”

“ಬೇರೆಯವರ ಕೈಯಲ್ಲಿ ಆಗುತ್ತೆ.”

ಆಯಿತು ಕೂಡ. ಪಕ್ಕದ ಮೇಜಿನವನು ಅವಳ ಮುಖ ನೋಡದೆ ಗುಂಡಿ ಒತ್ತಿದ. ಅಂತಿಮ ನಕ್ಷೆಯಲ್ಲಿ ತಗ್ಗಿನ ಬಡಾವಣೆ ಇಸ್ತ್ರಿ ಮಾಡಿದ ಬಟ್ಟೆಯಂತೆ ನುಣ್ಣಗೆ ಕಾಣುತ್ತಿತ್ತು. ಎರಡು ವರ್ಷದ ದುಡಿಮೆ ಮೊಗಸಾಲೆಯ ಗಾಜಿನ ಚೌಕಟ್ಟಿನೊಳಗೆ ಕೂತು ತನ್ನನ್ನೇ ಅಣಕಿಸುತ್ತಿದೆ ಎನಿಸಿ ಅವಳು ಹಿಂದಿನ ಮೆಟ್ಟಿಲಿನಿಂದ ಓಡಾಡತೊಡಗಿದಳು.

ಒಂದು ಮಧ್ಯಾಹ್ನ ನಗರದ ಬಸ್ಸು ಓಡಿಸುವ ಹೆಂಗಸೊಬ್ಬಳು, ಖಾಕಿ ಅಂಗಿಯಲ್ಲೇ, ಅವಳ ಮೇಜಿನ ಮುಂದೆ ಬಂದು ನಿಂತಳು. “ಅಮ್ಮನ ಜೊತೆ ಇರೋಕೆ ಒಂದು ಮನೆ ನೋಡಿದ್ದೀವಿ ಮೇಡಂ. ಹೊರಗಿನ ನಕ್ಷೇಲಿ ಏನೂ ತೊಂದರೆ ಕಾಣಲ್ಲ. ಆದ್ರೂ ಒಂದು ಮಾತು ಕೇಳೋಣ ಅಂತ ಬಂದೆ.”

ಆಕೆ ಹೇಳಿದ್ದು ಅಕ್ಕನ ಮನೆಯ ಸಂಖ್ಯೆ.

ಏನೂ ತೊಂದರೆಯಿಲ್ಲ ಎಂದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಸರ್ಕಾರದ ನಕ್ಷೆಯೇ ಹಾಗೆ ಹೇಳುತ್ತಿತ್ತು. ಕೊನೆಗೆ ಕಂಪ್ಯೂಟರಿನ ಪರದೆಯನ್ನು ಆಕೆಯ ಕಡೆ ತಿರುಗಿಸಿ, ಹಳೆಯ ಚಿತ್ರ ತೆರೆದು, ಹಳ್ಳದ ಮೇಲೆ ಬೆರಳಿಟ್ಟಳು.

“ಅಡುಗೆಮನೆ ಚಾಪೆ ಎತ್ತಿ ನೋಡಿ. ಅದು ನನ್ನ ಅಕ್ಕನ ಮನೆ.”

ಆ ಹೆಂಗಸು ಚಿತ್ರವನ್ನೂ ಅವಳನ್ನೂ ದಿಟ್ಟಿಸಿ ನೋಡಿ ಹೊರಟುಹೋದಳು.

ಸಂಜೆ ಅಕ್ಕನ ಫೋನು ಬಂತು. “ನೀನು ನನ್ನ ಪಾಲಿಗೆ ಇಲ್ಲ,” ಎಂದಷ್ಟೇ ಹೇಳಿ ಇಟ್ಟಳು. ಆಮೇಲೆ ಅಮ್ಮನೂ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಮನೆ ಹೇಗೋ ಮಾರಾಟವಾಯಿತಂತೆ, ಅಕ್ಕ ಭಾವ ಗುಡ್ಡದ ಕಡೆ ಹೋದರಂತೆ ಎಂಬ ಸುದ್ದಿ ಅವಳಿಗೆ ಸಿಕ್ಕಿದ್ದು ಮೂರನೆಯವರಿಂದ. ಕಚೇರಿಗೆ ಬಂದು ವಿಚಾರಿಸದ ಯಾರೋ ಮೋಸಹೋದರು ಎಂದುಕೊಂಡು ಅವಳು ಒಳಗೊಳಗೇ ಕುದಿದಳು. ತಡೆಯಲಾರದೆ ಒಂದು ದಿನ ಆ ಬೀದಿಗೇ ಹೋದಳು.

ಮನೆಯ ಮುಂದೆ ಕಬ್ಬಿಣದ ಸರಳುಗಳ ರಾಶಿ ಬಿದ್ದಿತ್ತು. ಕಿಟಕಿ ಮಾಡುವ ಬೆಸುಗೆಯವನು ಬಾಗಿಲು ತೆರೆದ.

“ನೋಡಿ, ಈ ಮನೆ ಕೆಳಗೆ ಹಳ್ಳ ಇದೆ,” ಎಂದು ಅವಳು ಶುರುಮಾಡಿದಳು.

“ಗೊತ್ತು ಬಿಡಿ. ಕೊಡೋ ಮುಂಚೆ ಆಯಮ್ಮನೇ ಚಾಪೆ ಎತ್ತಿ ತೋರಿಸಿದ್ರು. ನನಗೇನು, ಇಲ್ಲಿ ಸಾಮಾನು ಇಡ್ತೀನಿ ಅಷ್ಟೆ. ವಾಸ ಇರಲ್ಲ.”

ಅವಳು ಬೀದಿಯಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದಳು. ಎಷ್ಟೋ ಹೊತ್ತಿನ ಮೇಲೆ ಅಕ್ಕ ಎತ್ತಿದಳು.

“ನಿಜ ಹೇಳಿ ಮಾರಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ?”

“ನಿನಗ್ಯಾಕೆ ಹೇಳ್ಬೇಕು? ಅರ್ಧ ಬೆಲೆಗೆ ಹೋಯ್ತು ಮನೆ. ಈಗ ಸಮಾಧಾನ ಆಯ್ತಾ?” ಎಂದು ಅಕ್ಕ ಫೋನಿಟ್ಟಳು.

ಸಮಾಧಾನವೇನೂ ಆಗಲಿಲ್ಲ. ಬೀದಿಯುದ್ದಕ್ಕೂ ಹೊಸದಾಗಿ ಸುಣ್ಣಬಣ್ಣ ಹೊಡೆದ ಮನೆಗಳಿದ್ದವು. ಪಕ್ಕದ ಗೇಟಿಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ನೇತುಹಾಕಿದ್ದರು. ಅವಳು ಹೋಗಿ ಆ ಮನೆಯ ಕರೆಗಂಟೆ ಒತ್ತಿದಳು. ಕಿಟಕಿಯ ಪರದೆ ಸರಿಯಿತು, ಯಾರೋ ಅವಳನ್ನು ಗುರುತು ಹಿಡಿದರು, ಪರದೆ ಮುಚ್ಚಿಕೊಂಡಿತು. ಅವಳು ಇನ್ನೊಮ್ಮೆ ಒತ್ತಿದಳು.