ಪ್ರತಿಮೆಯೊಳಗಿನ ಅಂಗಿ

ನಮ್ಮ ಪೊಲೀಸ್ ವಸತಿಯಲ್ಲಿ ಎರಡು ಮನೆಗಳ ನಡುವೆ ಇರುವುದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಆಚೆ ಕೆಮ್ಮಿದರೆ ಈಚೆಯವರು ನೀರು ಬೇಕಾ ಎಂದು ಕೇಳಬಹುದು. ಕೊನೆಯ ಮನೆಯವಳು ಗಂಡ ಸತ್ತ ಮೇಲೆ ಒಂದು ದಿನವೂ ಜೋರಾಗಿ ಅಳಲಿಲ್ಲ. ಠಾಣೆಯ ಕಸ ಗುಡಿಸಿ ಬಂದು, ಕೈಗೆ ಸೋಪು ಹಚ್ಚಿ ತಿಕ್ಕಿ ತೊಳೆದು, ಕಪಾಟಿನ ಬಾಗಿಲು ತೆಗೆಯುತ್ತಿದ್ದಳು. ಅದು ಕಿರ್ರೆನ್ನುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಏನೂ ಕೇಳಿಸುತ್ತಿರಲಿಲ್ಲ. ಒಮ್ಮೆ ಸಕ್ಕರೆ ಕೇಳಲು ಹೋದಾಗ ನೋಡಿದೆ. ಗಂಡನ ಖಾಕಿ ಅಂಗಿಯಲ್ಲಿ ಮುಖ ಹುದುಗಿಸಿ ನಿಂತಿದ್ದಳು.

"ಒಗೆದಿಲ್ಲ ಅಕ್ಕ," ಎಂದಳು ನಾಚಿಕೊಂಡು. "ಕಾಲರಿನಲ್ಲಿ ಇನ್ನೂ ಇದಾರೆ."

ಅವಳ ಗಂಡನನ್ನು ವಸತಿಯವರೆಲ್ಲ ಮೀಸೆ ಎಂದೇ ಕರೆಯುತ್ತಿದ್ದೆವು. ಬೆಳಗಿನ ಹಾಜರಿಯಲ್ಲಿ ಮೀಸೆಯ ಹೆಸರು ಕೂಗಿ, ಪಹರೆ ಕೆಲಸ ಎನ್ನುತ್ತಿದ್ದರು. ಅವನು ಬೂಟು ಕುಟ್ಟಿ ಸೆಲ್ಯೂಟ್ ಹೊಡೆದು ನೆಟ್ಟಗೆ ಸಾಹೇಬರ ಮನೆಗೆ ಹೋಗುತ್ತಿದ್ದ. ಹಿತ್ತಲಿನ ಶೆಡ್ಡಿನಲ್ಲಿ ಖಾಕಿ ಕಳಚಿ ಮೊಳೆಗೆ ನೇತುಹಾಕಿ, ಬನಿಯನ್-ಚಡ್ಡಿಯಲ್ಲಿ ನಾಯಿ ತೊಳೆಯುತ್ತಿದ್ದ, ಕಾರು ಒರೆಸುತ್ತಿದ್ದ, ಮಕ್ಕಳ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನಮ್ಮ ಗಂಡಂದಿರೂ ಒಬ್ಬರಾದ ಮೇಲೊಬ್ಬರು ಮಾಡಿದ ಕೆಲಸವೇ ಅದು. ಖಾಕಿಯಲ್ಲಿ ಬಕೆಟ್ಟು ಹಿಡಿದರೆ ಬೀದಿಯವರು ಆಡಿಕೊಳ್ಳುತ್ತಾರೆ, ಬಿಚ್ಚಿಟ್ಟೇ ಮಾಡಬೇಕು ಎಂದು ಸಾಹೇಬರ ಹೆಂಡತಿಯ ಕಟ್ಟಪ್ಪಣೆ.

ಒಂದು ದಿನ ಆ ಮನೆಯ ಮಹಡಿಯ ಮೇಲಿನ ನೀರಿನ ಟ್ಯಾಂಕ್ ತೊಳೆಯಲು ಹತ್ತಿದ ಮೀಸೆ ಪಾಚಿಯ ಮೇಲೆ ಕಾಲಿಟ್ಟು ಜಾರಿದ. ಕೆಳಗಿನ ಕಲ್ಲುಹಾಸಿನ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ. ಅವನ ಖಾಕಿ ಮಾತ್ರ ಮಡಿಕೆಯೂ ಕೆಡದೆ ಮೊಳೆಯ ಮೇಲಿತ್ತು.

ಅದೇ ವರ್ಷ ಪರೇಡ್ ಮೈದಾನದಲ್ಲಿ ಹುತಾತ್ಮ ಪೊಲೀಸರ ಸ್ಮಾರಕ ಕಟ್ಟಲು ಶುರು ಮಾಡಿದರು. ಕಪ್ಪುಕಲ್ಲಿನ ಕಟ್ಟೆ, ಅದರ ಮೇಲೆ ಸಿಮೆಂಟಿನ ಕಾನ್‌ಸ್ಟೇಬಲ್ ಪ್ರತಿಮೆ, ಕೆಳಗೆ ಸತ್ತವರ ಹೆಸರು.

ದಫೇದಾರರು ಒಂದು ಮಧ್ಯಾಹ್ನ ಕೊನೆಯ ಮನೆಯ ಬಾಗಿಲಿಗೆ ಬಂದರು. ನಾನು ಅಲ್ಲೇ ಇದ್ದೆ.

"ತಂಗೀ, ಮೀಸೆಯ ಖಾಕಿ ಇಟ್ಕೊಂಡಿದೀಯಲ್ಲ, ಅದು ಬೇಕಾಗಿತ್ತು."

"ಯಾಕಣ್ಣ?"

"ಶಿಲ್ಪಿ ನಿಜವಾದ ಬಟ್ಟೆನೇ ಸಿಮೆಂಟಲ್ಲಿ ಅದ್ದಿ ಪ್ರತಿಮೆಗೆ ಉಡಿಸ್ತಾನಂತೆ. ಹೊಸ ಬಟ್ಟೆ ಆಗಲ್ವಂತೆ, ಮಡಿಕೆ ಸರಿಯಾಗಿ ಬೀಳಲ್ಲ ಅಂತಾನೆ. ಮೈಮೇಲೆ ಇದ್ದು ಪಳಗಿದ್ದು ಬೇಕಂತೆ. ನಮ್ಮ ಹತ್ರ ಇರೋದು ಎರಡೆರಡು ಜೊತೆ. ಕೊಟ್ಟು ಬರಿಮೈಯಲ್ಲಿ ಕಳ್ಳರನ್ನ ಹಿಡಿಯೋಕಾಗುತ್ತಾ?"

"ಸತ್ತ ಬೇರೆಯವರದ್ದು?"

"ಅವೆಲ್ಲ ಹರಿದು, ರಕ್ತ ಮೆತ್ತಿ, ಮೊಹರು ಬಿದ್ದು ಕೋರ್ಟಿನ ಕೋಣೆ ಸೇರಿವೆ. ಚೆನ್ನಾಗಿ ಉಳಿದಿರೋದು ಇದೊಂದೇ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಾಗಾದ್ರೆ ಇವರ ಹೆಸರೂ ಕಲ್ಲಲ್ಲಿ ಬರುತ್ತೆ ಅಲ್ವಾ ಅಣ್ಣ?"

ದಫೇದಾರರು ಕೆಟ್ಟವರಲ್ಲ. ಆ ಕ್ಷಣಕ್ಕೆ ಅವರೂ ನಂಬಿದ್ದರೆಂದು ಕಾಣುತ್ತದೆ. "ಅಂಗಿ ತಗೊಂಡು ಹೆಸರು ಬಿಡ್ತಾರಾ? ಅಷ್ಟು ಮನುಷ್ಯತ್ವ ಇಲ್ವಾ?"

ಅವಳಿಗೆ ಹೆಸರು ಬೇಕಾಗಿದ್ದುದು ಮಗಳಿಗಾಗಿ. ನಿಮ್ಮಪ್ಪ ಚಡ್ಡೀಲಿ ಸತ್ತ ಪೊಲೀಸು ಎಂದು ಶಾಲೆಯಲ್ಲಿ ಹಂಗಿಸುತ್ತಿದ್ದರು. ಹುಡುಗಿ ಶಾಲೆಗೆ ಹೋಗುವಾಗ ಹೊಟ್ಟೆನೋವು ಎನ್ನುತ್ತಿತ್ತು. "ಕಲ್ಲಲ್ಲಿ ಕೆತ್ತಿದ್ರೆ ಆಯ್ತು ಅಕ್ಕ," ಎನ್ನುತ್ತಿದ್ದಳು ತಾಯಿ. "ಬಾ ಅಂತ ಕರ್ಕೊಂಡು ಹೋಗಿ ಬೆರಳಿಟ್ಟು ತೋರಿಸಿಬಿಡ್ತೀನಿ."

ಮೈದಾನದ ಚಪ್ಪರದಲ್ಲಿ ಶಿಲ್ಪಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ.

"ತೊಳೆದಿಲ್ವಾ ತಾಯಿ? ಬೆವರಿನ ಜಿಡ್ಡು ಇದ್ದ ಕಡೆ ಸಿಮೆಂಟು ಹಿಡಿಯಲ್ಲ, ಬಿರುಕು ಬಿಡುತ್ತೆ. ಬಿಸಿನೀರಲ್ಲಿ ತಿಕ್ಕಿ ಒಗೆದು ತನ್ನಿ."

"ಒಗೆಯಲೇಬೇಕಾ?"

"ಒಗೀಲೇಬೇಕು. ಮತ್ತೆ, ಇದು ವಾಪಸ್ ಬರಲ್ಲ. ಒಳಗೇ ಕಲ್ಲಾಗಿಬಿಡುತ್ತೆ. ಯೋಚನೆ ಮಾಡಿ ಕೊಡಿ."

ಅವಳು ಯೋಚನೆ ಮಾಡಿದಳು. ಗೋಡೆಯಾಚೆ ಅಂದು ಕಪಾಟು ಎಷ್ಟೋ ಸಲ ಕಿರ್ರೆಂದಿತು. ಬೆಳಿಗ್ಗೆ ಅಂಗಿಯನ್ನು ಬಕೆಟ್ಟಿನಲ್ಲಿ ನೆನೆಸಿಕೊಂಡು ನಲ್ಲಿಯ ಹತ್ತಿರ ಬಂದಳು. ತೋಳು ಉಜ್ಜಿದಳು, ಬೆನ್ನು ಉಜ್ಜಿದಳು. ಕಾಲರಿಗೆ ಬಂದಾಗ ಕೈ ನಿಂತಿತು.

"ಕಾಲರೊಂದು ಬಿಡ್ಲಾ ಅಕ್ಕ?"

"ಬಿರುಕು ಬಿಡುತ್ತಂತಲ್ಲ," ಎಂದೆ.

ಅವಳು ಬ್ರಷ್ಷು ಎತ್ತಿಕೊಂಡಳು. ನೊರೆ ಮೊದಲು ಕಂದಾಗಿ ಬಂತು, ಆಮೇಲೆ ಬೆಳ್ಳಗಾಯಿತು. ಒಂದು ಹೆಣ್ಣಿಗೆ ಗಂಡ ಎರಡನೆಯ ಸಲ ಸಾಯುವುದನ್ನು ನಾನು ಆ ನಲ್ಲಿಕಟ್ಟೆಯ ಮೇಲೆ ನೋಡಿದೆ.

ಉದ್ಘಾಟನೆಯ ದಿನ ಮಗಳಿಗೆ ಎರಡು ಜಡೆ ಹಾಕಿ ಕರೆತಂದಳು. ಹೆಂಗಸರಿಗೆ ಹಗ್ಗದ ಈಚೆ ಜಾಗ. ನಮ್ಮ ಗಂಡಂದಿರು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಸಾಹೇಬರು ಮೈಕಿನಲ್ಲಿ, "ಖಾಕಿ ಅಂದರೆ ಬಟ್ಟೆಯಲ್ಲ, ಅದು ನಮ್ಮ ಚರ್ಮ," ಎಂದರು. ಚಪ್ಪಾಳೆ ಬಿತ್ತು. ಪರದೆ ಸರಿಯಿತು.

ಪ್ರತಿಮೆ ಚೆನ್ನಾಗಿತ್ತು. ಮೀಸೆ ಇರಲಿಲ್ಲ, ಮುಖ ಯಾರದ್ದೂ ಅಲ್ಲ. ಆದರೆ ಎಡಭುಜ ಸ್ವಲ್ಪ ಇಳಿಜಾರಾಗಿ, ಅಂಗಿ ಅಲ್ಲಿ ಜೋತುಬಿದ್ದ ರೀತಿ ಅವನದೇ. ಜೇಬಿನ ಮೇಲೆ ಇವಳು ಹಾಕಿದ ರಫು ಹೊಲಿಗೆ ಕೂಡ ಸಿಮೆಂಟಿನಲ್ಲಿ ಎದ್ದು ಕಾಣುತ್ತಿತ್ತು.

ಹುಡುಗಿ ಕಲ್ಲಿನ ಮೇಲಿನ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿತು. ಮತ್ತೆ ಮೇಲಿನಿಂದ ಓದಿತು.

"ಅಮ್ಮಾ, ಅಪ್ಪ ಎಲ್ಲಿ?"

ದಫೇದಾರರು ಹಗ್ಗದ ಹತ್ತಿರವೇ ನಿಂತಿದ್ದರು. ತಲೆ ಎತ್ತಲಿಲ್ಲ. "ಕೇಳ್ದೆ ತಂಗಿ. ಸಮವಸ್ತ್ರದಲ್ಲಿ ಸತ್ತೋರದ್ದು ಮಾತ್ರ ಅಂತೆ. ಪಹರೆಗೆ ಹಾಕಿದ್ದೋನು ಟ್ಯಾಂಕ್ ಮೇಲೆ ಯಾಕೆ ಹೋಗಿದ್ದ ಅಂತ ನನ್ನನ್ನೇ ಕೇಳಿದ್ರು."

"ಯಾರು ಕೇಳಿದ್ದು?"

"ಸಾಹೇಬರೇ."

ಅವಳು ಹಗ್ಗ ಎತ್ತಿ ನುಸುಳಿದಳು. ಯಾರೂ ಎಣಿಸಿರಲಿಲ್ಲ. ನೆಟ್ಟಗೆ ಕಟ್ಟೆ ಹತ್ತಿ ಪ್ರತಿಮೆಯ ತೋಳು ಹಿಡಿದುಕೊಂಡಳು.

"ಈ ಅಂಗಿ ನಮ್ಮನೆಯವರದ್ದು!" ಎಂದು ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಗೋಡೆಯಾಚೆಯ ನನಗೇ ಗೊತ್ತಿರಲಿಲ್ಲ. "ಅಂಗಿ ಬೇಕು, ಅದರೊಳಗಿದ್ದೋರು ಬೇಡ್ವಾ? ಬಿಚ್ಚು ಅಂದಿದ್ದು ಯಾರು? ನಿಮ್ಮನೆ ಪಾಚಿ ಮೇಲೆ ಸತ್ರು ಅಂತ ಹೇಳ್ರೀ ಸಾಹೇಬ್ರೇ! ಆ ಮೈಕಲ್ಲೇ ಹೇಳ್ರೀ!"

ನಾನು ಎದ್ದು ನಿಂತೆ. ಪಕ್ಕದವಳು ಎದ್ದಳು. ಹಿಂದಿನವರೂ ಎದ್ದರು. ಸಾಲಿನಲ್ಲಿದ್ದ ನಮ್ಮವರ ಕಣ್ಣು ನನ್ನ ಕಡೆ ಹೊರಳಿತು. ಕೂತ್ಕೋ, ಕೂತ್ಕೋ ಎಂದು ಬೇಡಿತು. ನಾನು ಕೂರಲಿಲ್ಲ.

ಸಾಹೇಬರು ಕೋಪಗೊಳ್ಳಲಿಲ್ಲ. ಕರುಣೆಯಿಂದ ನಕ್ಕು ಮೈಕಿನಲ್ಲಿ ಹೇಳಿದರು: "ದುಃಖದಲ್ಲಿದ್ದಾರೆ ಪಾಪ. ಆ ತಾಯಿಗೊಂದು ಕುರ್ಚಿ ಕೊಡಿ." ಆಮೇಲೆ ಬೆರಳಾಡಿಸಿದರು. ಬ್ಯಾಂಡು ಬಾರಿಸತೊಡಗಿತು. ಅವಳ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಇಬ್ಬರು ಮಹಿಳಾ ಪೊಲೀಸರು ಅವಳ ಬೆರಳುಗಳನ್ನು ಒಂದೊಂದಾಗಿ ಸಿಮೆಂಟಿನ ತೋಳಿನಿಂದ ಬಿಡಿಸಿದರು. ಕುರ್ಚಿ ಬಂತು. ಅವಳು ಕೂರಲಿಲ್ಲವಾದ್ದರಿಂದ ಹೆಗಲೊತ್ತಿ ಕೂರಿಸಿದರು.

ಮರುದಿನದಿಂದ ಸ್ಮಾರಕ ಗುಡಿಸುವ ಕೆಲಸವನ್ನೂ ಅವಳಿಗೇ ಹಚ್ಚಿದರು. ಬೇಡ ಎಂದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ಹೋಗುತ್ತದೆ. ಅವಳು ಪೊರಕೆ ಹಿಡಿದು ಹೋದಳು.

ಆ ವಾರವೇ ನಮ್ಮವರು ಹಾಜರಿ ಮುಗಿಸಿ ಮನೆಗೆ ಬಂದು, ಮತ್ತೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದರು: "ನನ್ನನ್ನ ಸಾಹೇಬರ ಮನೆಗೆ ಹಾಕಿದಾರೆ."

"ನಾನು ಎದ್ದು ನಿಂತಿದ್ದಕ್ಕಾ?"

"ಸರದಿ ಅಂತೆ."

"ನೋಡಿ," ಎಂದೆ, ಅವರ ಕಾಲರ್ ಹಿಡಿದುಕೊಂಡು. "ಯಾರು ಏನೇ ಹೇಳ್ಲಿ, ಅಲ್ಲಿ ಅಂಗಿ ಬಿಚ್ಚಬೇಡಿ. ನಾಯಿ ತೊಳೆದ್ರೂ ಖಾಕೀಲೇ ತೊಳೀರಿ. ನೋಡೋರು ನೋಡ್ಲಿ."

"ಹೂಂ."

"ಆಣೆ ಮಾಡಿ."

"ಹೂಂ ಅಂದ್ನಲ್ಲೇ. ಬಿಡು, ಹೊತ್ತಾಯ್ತು."

ಅವರ ಕಂಕುಳಲ್ಲಿ ಒಂದು ಚೀಲವಿತ್ತು. ಬಟ್ಟೆ ತುರುಕಿದ ಹಾಗೆ ಮೆತ್ತಗಿತ್ತು.

"ಅದೇನು?"

"ಊಟದ ಡಬ್ಬಿ," ಎಂದು ನನ್ನ ಮುಖ ನೋಡದೆ ಇಳಿದುಹೋದರು.

ನಾನು ಒಳಗೆ ತಿರುಗಿದೆ. ಡಬ್ಬಿ ಅಡುಗೆಕಟ್ಟೆಯ ಮೇಲೆ, ನಾನು ಮುಚ್ಚಳ ಹಾಕಿ ಇಟ್ಟ ಕಡೆಯೇ ಇತ್ತು.