ಗುಡ್ಡದ ಗೂಳಿಗೆ ಸೈಕಲ್ ಕಂಡರೆ ಆಗುವುದಿಲ್ಲ

ಈ ಊರಿನ ಅರ್ಧ ಜನ ಮೂಳೆ ಮುರಿದುಕೊಂಡಿರುವುದು ನನ್ನ ಗುಡ್ಡದಲ್ಲಿ. ಹಾಗೆ ಮುಖ ಮಾಡಬೇಡ, ಅದರಲ್ಲಿ ಅರ್ಧ ಸುಳ್ಳು ಅಂತ ನಾನೇ ಒಪ್ಪಿಕೊಳ್ಳುತ್ತೇನೆ. ಪೆಟ್ಟಾಗಿದ್ದು ಒಂದೇ ಮೂಳೆಗೆ, ಹಲ್ಲಿನ ಡಾಕ್ಟರ ಕೊರಳಿಂದ ಹೆಗಲಿಗೆ ಹೋಗುವ ಮೂಳೆಗೆ. ಅದೂ ಪೂರ್ತಿ ಮುರಿಯಲಿಲ್ಲ, ಬಿರುಕು ಬಿಟ್ಟಿತು ಅಷ್ಟೇ. ಆದರೆ ಆ ಕೂದಲೆಳೆಯಷ್ಟು ಬಿರುಕಿನೊಳಗೆ ನನ್ನ ಇಡೀ ಗುಡ್ಡ ಜಾರಿ ಹೋಗುವುದರಲ್ಲಿತ್ತು.

ಗುಡ್ಡ ಅಂದರೆ ನಮ್ಮ ಹಿತ್ತಿಲ ಗೋಡೆಯ ಆಚೆಗಿನ ಇಳಿಜಾರು. ನಮ್ಮವರು ಬದುಕಿದ್ದಾಗ ಅಲ್ಲಿ ಏನೇನೋ ನೆಟ್ಟರು. ಕಲ್ಲು ಮಾತ್ರ ಸೊಗಸಾಗಿ ಬೆಳೆಯಿತು. ಅವರು ಹೋದ ಮೇಲೆ ಅತ್ತ ತಿರುಗಿ ನೋಡುವವರೂ ಇರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಮೈಗಂಟಿದ ಬಣ್ಣಬಣ್ಣದ ಬಟ್ಟೆ ಹಾಕಿಕೊಂಡ ಒಂದು ಗುಂಪು ಗುದ್ದಲಿ ಹಿಡಿದು, ನೆತ್ತಿಯಿಂದ ಬುಡದವರೆಗೆ ಹಾವಿನ ಹಾಗೆ ಸುತ್ತುವ ದಾರಿ ಕಡಿಯುತ್ತಿದೆ. ಯಾಕಪ್ಪಾ ಅಂದರೆ ಸೈಕಲ್ ಹೊಡೆಯುವುದಕ್ಕಂತೆ. ಪಕ್ಕದಲ್ಲೇ ನೆಟ್ಟನೆಯ ರಸ್ತೆ ಇರುವಾಗ!

ಅವರ ಮುಂದಾಳು ಅಂಚೆ ಕಚೇರಿಯ ಗುಮಾಸ್ತ. ಸ್ಟಾಂಪು ಒತ್ತುವಾಗಲೂ ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದಿಲ್ಲ. ಅದಕ್ಕೇ ನಾನು ಅವನನ್ನು ಹೆಲ್ಮೆಟ್ ಅಂತಲೇ ಕರೆಯುವುದು.

"ಇದು ಯಾರ ಗುಡ್ಡ ಅಂದ್ಕೊಂಡಿದ್ದೀರಯ್ಯಾ?" ಅಂತ ಗದರಿಸಿದೆ.

"ಯಾರ್ದೂ ಅಲ್ಲ ಅಂದ್ಕೊಂಡಿದ್ವಿ ಅಜ್ಜಿ."

"ನಂದು."

"ಅಯ್ಯೋ. ನಿಲ್ಲಿಸ್ಬೇಕಾ ಹಾಗಾದ್ರೆ?"

ನಾನು ಉತ್ತರ ಕೊಡುವಷ್ಟರಲ್ಲಿ ಅವರಲ್ಲೊಬ್ಬ ಮೇಲಿನಿಂದ ಸೈಕಲ್ ಸಮೇತ ಹಾರಿ ಬಂದು ಪೊದೆಯೊಳಗೆ ತಲೆಕೆಳಗಾಗಿ ನೆಟ್ಟುಕೊಂಡ. ಹೊರಗೆ ಕಾಣುತ್ತಿದ್ದುದು ಎರಡು ಕಾಲು ಮಾತ್ರ. ಅವು ಇನ್ನೂ ಪೆಡಲ್ ತುಳಿಯುತ್ತಲೇ ಇದ್ದವು. ನಮ್ಮವರು ಹೋದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೇ ಮೊದಲು. "ಕಡೀರಿ, ಕಡೀರಿ" ಅಂದುಬಿಟ್ಟೆ. ಅವತ್ತಿನಿಂದ ಸಂಜೆಯಾಗುತ್ತಲೇ ಗೋಡೆ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದೇ ನನ್ನ ಕೆಲಸ. ಬೀಳುವವರು, ಬಿದ್ದು ಏಳುವವರು, ಎದ್ದು ಇನ್ನೊಬ್ಬರ ಮೇಲೆ ಬೀಳುವವರು. ಅದರ ಮುಂದೆ ಟಿವಿ ಯಾವ ಲೆಕ್ಕ?

ಸುದ್ದಿ ಕಿವಿಗೆ ಬಿದ್ದದ್ದೇ ನನ್ನ ತಂಗಿಯ ಮಗ ಕರಿ ಕೋಟಿನಲ್ಲೇ ಓಡಿ ಬಂದ. ವಕೀಲ. ಚಿಕ್ಕಂದಿನಿಂದಲೂ ಪುಕ್ಕಲ.

"ದೊಡ್ಡಮ್ಮ, ಯಾರಾದ್ರೂ ಬಿದ್ರೆ ಹೊಣೆ ಯಾರು?"

"ಬಿದ್ದೋರು."

"ಅಲ್ಲ, ಜಾಗ ಯಾರದೋ ಅವರು!"

"ನಾನು ಕುರ್ಚೀಲಿ ಕೂತಿರ್ತೀನಿ ಕಣೋ. ಯಾರನ್ನೂ ಹತ್ತಿಸಲ್ಲ, ಯಾರನ್ನೂ ದಬ್ಬಲ್ಲ."

ಅವನು ತಲೆ ಚಚ್ಚಿಕೊಂಡು ಬಿಡಿಸಿ ಹೇಳಿದ. ಜಾಗವನ್ನು ಪುಕ್ಕಟೆಯಾಗಿ ಬಿಟ್ಟರೆ ಅಷ್ಟು ಭಯವಿಲ್ಲ. ಅದರ ಬದಲಿಗೆ ಅವರ ಕೈಯಿಂದ ಏನಾದರೂ ಮುಟ್ಟಿದರೆ ಅದು ವ್ಯಾಪಾರವಾಗುತ್ತದೆ, ವ್ಯಾಪಾರ ಅಂದರೆ ಬಿದ್ದವರೆಲ್ಲ ನನ್ನ ತಲೆಗೆ. ಇನ್ನು ಗುಡ್ಡದಲ್ಲಿ ಅಪಾಯ ಇರುವುದು ನನಗೆ ಗೊತ್ತಿದ್ದೂ ಮೊದಲೇ ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ, ಆಗಲೂ ನನ್ನ ತಲೆಗೆ.

ಮರುದಿನವೇ ಹೆಲ್ಮೆಟ್ ತನ್ನ ಅಂಗಳದಲ್ಲಿ ಬೆಳೆದ ಕುಂಬಳಕಾಯಿ ಹೊತ್ತು ತಂದ. "ನಿಮಗೇ ಅಂತ ಕಿತ್ತೆ ಅಜ್ಜಿ" ಅಂದ. ಮೊದಲ ಹೆರಿಗೆಯ ಮಗುವಿನಷ್ಟು ಮುದ್ದಾಗಿತ್ತು. ಏನು ಮಾಡಲಿ? ಮುಟ್ಟಿದರೆ ವ್ಯಾಪಾರ. ಕಣ್ಣು ಮುಚ್ಚಿಕೊಂಡು ಕಾಲಿನಿಂದಲೇ ಆಚೆಗೆ ತಳ್ಳಿದೆ. ಅದು ದಾರಿಗೆ ಬಿದ್ದು, ಎಲ್ಲ ತಿರುವನ್ನೂ ತಿರುಗಿ, ಸಲೀಸಾಗಿ ಬುಡ ಮುಟ್ಟಿತು. ಒಂದು ಸಲವೂ ಬೀಳದೆ ಆ ಗುಡ್ಡ ಇಳಿದದ್ದು ಅದೊಂದೇ.

ಬಾಯಿ ಮುಚ್ಚಿಕೊಳ್ಳಬಾರದು ಅನ್ನುವ ಕಾನೂನು ಮಾತ್ರ ನನಗೆ ಬಹಳ ಹಿಡಿಸಿತು. ನನಗೆ ಅಂತಲೇ ಮಾಡಿದ ಹಾಗಿತ್ತು. ನನ್ನ ಸೊಸೆ ಅಂಗಡಿಗಳಿಗೆ ಬೋರ್ಡು ಬರೆಯುವವಳು. ಅವಳ ಕೈಯಲ್ಲಿ ಅಕ್ಷರ ಮುತ್ತಿನ ಹಾಗೆ ಬೀಳುತ್ತವೆ, ಚಿತ್ರಕ್ಕಂತೂ ಜೀವ ಬರುತ್ತದೆ. ನಾನು ಹೇಳುತ್ತಾ ಹೋದೆ, ಅವಳು ಬರೆಯುತ್ತಾ ಹೋದಳು. ಒಂದು ಬೇರು ಎದ್ದಿತ್ತು, ಅಲ್ಲಿಗೆ "ಈ ಬೇರು ಮನುಷ್ಯರ ಗುರುತು ಹಿಡಿದು ಬೀಳಿಸುತ್ತದೆ" ಅಂತ ಬರೆಸಿದೆ. ಒಂದು ಸಡಿಲ ಕಲ್ಲಿತ್ತು, ಅಲ್ಲಿಗೆ "ಈ ಕಲ್ಲು ನಿನ್ನೆ ಇಲ್ಲಿರಲಿಲ್ಲ."

"ಅತ್ತೆ, ಇದು ಜಾಸ್ತಿ ಆಯ್ತು."

"ಜಾಸ್ತಿ ಹೇಳಬಾರ್ದು ಅಂತ ಕಾನೂನಲ್ಲಿಲ್ಲ. ನೀನು ಬರಿ."

ಕೊನೆಯ ತಿರುವಿನಲ್ಲಿ ಮಾತ್ರ ಏನೂ ಅಪಾಯ ಇರಲಿಲ್ಲ. ಚಾಪೆ ಹಾಸಿ ಮಲಗಬಹುದು, ಅಂಥ ಜಾಗ. ಎಲ್ಲ ಕಡೆ ಬೋರ್ಡು ಇದ್ದು ಅಲ್ಲೊಂದೇ ಕಡೆ ಇಲ್ಲದಿದ್ದರೆ ಬೋಳುಬೋಳಾಗಿ ಕಾಣುತ್ತದೆ ಅನಿಸಿತು. "ಇಲ್ಲೊಂದು ಗೂಳಿ ಇದೆ. ಅದಕ್ಕೆ ಸೈಕಲ್ ಕಂಡರೆ ಆಗುವುದಿಲ್ಲ" ಅಂತ ಬರೆಸಿಬಿಟ್ಟೆ. ಸೊಸೆಗೂ ಅಷ್ಟು ಹೊತ್ತಿಗೆ ಹುರುಪು ಬಂದಿತ್ತು, ಕೆಳಗೆ ಗೂಳಿಯ ಚಿತ್ರವನ್ನೂ ಬರೆದಳು. ಅದರ ಕಣ್ಣು ನೋಡಿ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಬೋರ್ಡು ನೋಡಿ ಜನ ಹೆದರುತ್ತಾರೆ ಅಂದುಕೊಂಡರೆ, ಬೋರ್ಡು ನೋಡಲೆಂದೇ ಬರತೊಡಗಿದರು. ಹಾಗೆ ಬಂದವರೇ ಹಲ್ಲಿನ ಡಾಕ್ಟರು. ಹೊಸ ಸೈಕಲ್, ಹೊಸ ಬಟ್ಟೆ. ಬೇರು ದಾಟಿದರು, ಕಲ್ಲು ದಾಟಿದರು. ಕೊನೆಯ ತಿರುವಿನಲ್ಲಿ ಬೋರ್ಡು ಓದಿ, ಗೂಳಿ ಎಲ್ಲಿದೆ ಅಂತ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದಕ್ಕೆ ತಿರುಗಿ ನೋಡುತ್ತಾ ನೆಟ್ಟಗೆ ಹೋಗಿ ಆ ಬೋರ್ಡಿನ ಕಂಬಕ್ಕೇ ಗುದ್ದಿದರು.

ಕೈಯನ್ನು ಕೊರಳಿಗೆ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಕೇಸು ಹಾಕಿದರು. ಹಲ್ಲು ಕೀಳುವ ಕೈಯೇ ಕೆಲಸಕ್ಕೆ ಬಾರದ ಹಾಗಾಯಿತು, ಪರಿಹಾರಕ್ಕೆ ಆ ಗುಡ್ಡವೇ ಆಗಬೇಕು ಅಂತ. ನಾನು ಅವರ ದವಾಖಾನೆಗೇ ಹೋದೆ.

"ಕೇಸು ಇರ್ಲಿ ಡಾಕ್ಟ್ರೇ, ಮೊದ್ಲು ರಿಪೇರಿಗೆ ಕೊಟ್ಟ ನನ್ನ ಕೆಳಗಿನ ಹಲ್ಲಿನ ಸೆಟ್ ಕೊಡಿ."

"ಕೇಸು ಮುಗೀಲಿ, ಕೊಡ್ತೀನಿ."

"ಹಲ್ಲಿಲ್ದೆ ಸಾಕ್ಷಿ ಹೇಳಿದ್ರೆ ಜಡ್ಜಿಗೆ ಅರ್ಥ ಆಗೋದು ಬೇಡ್ವೇ?"

"ಅದಕ್ಕೇ ಕೊಡ್ತಿಲ್ಲ" ಅಂದರು ಆ ಪುಣ್ಯಾತ್ಮ.

ಮನೆಗೆ ಬಂದರೆ ತಂಗಿಯ ಮಗ ಬೆವರುತ್ತಾ ಕೂತಿದ್ದ. "ಗೂಳಿ ನಿಜವಾಗ್ಲೂ ಇದ್ದಿದ್ರೆ ಬೋರ್ಡು ಹಾಕೋದು ನಿಮ್ಮ ಕರ್ತವ್ಯ ದೊಡ್ಡಮ್ಮ. ಅದಕ್ಕೆ ಯಾರು ಗುದ್ದಿದ್ರೂ ಅವರ ತಪ್ಪು. ಗೂಳಿ ಇಲ್ಲ ಅಂದ್ರೆ, ಸುಮ್ಸುಮ್ನೆ ದಾರೀಲಿ ಕಂಬ ನೆಟ್ಟು ಜನರನ್ನ ಬೀಳಿಸಿದ ಹಾಗೆ. ಗುಡ್ಡ ಹೋಯ್ತು."

"ಹಾಗಾದ್ರೆ ಗೂಳಿ ಇದೆ."

"ಎಲ್ಲಿದೆ?"

"ಮೇಯೋಕೆ ಹೋಗಿದೆ."

ಕೋರ್ಟಿನಿಂದ ಜಾಗ ನೋಡಲು ಅಧಿಕಾರಿ ಬರುತ್ತಾರೆ ಅಂತಾಯಿತು. ಗುಡ್ಡ ಡಾಕ್ಟರ ಪಾಲಾದರೆ ಸೈಕಲಿನವರಿಗೆ ದಾರಿಯಿಲ್ಲ, ನನಗೆ ಸಂಜೆಯಿಲ್ಲ. ಹೆಲ್ಮೆಟ್ ಊರೆಲ್ಲ ಸುತ್ತಿ, ಹಾಲಿನವನ ಕೊಟ್ಟಿಗೆಯಿಂದ ಒಂದು ಗೂಳಿಯನ್ನು ಹೊಡೆದುಕೊಂಡು ಬಂದ. ಮುದಿ ಗೂಳಿ. ಅದರಷ್ಟು ಸಾಧು ಪ್ರಾಣಿಯನ್ನು ನಾನು ನಮ್ಮವರನ್ನು ಬಿಟ್ಟರೆ ಬೇರೆ ಕಂಡಿಲ್ಲ. ತಂದು ಬಿಟ್ಟದ್ದೇ, ಬೋರ್ಡಿನ ನೆರಳಿನಲ್ಲಿ ಮಲಗಿ ನಿದ್ದೆ ಹೋಯಿತು.

ಅಧಿಕಾರಿ ಬಂದರು. ಕಡ್ಡಿಯಂಥ ಮನುಷ್ಯ, ಕೈಯಲ್ಲಿ ಅಳತೆಯ ಟೇಪು. ಬೋರ್ಡು ಅಳೆದರು, ಕಂಬ ಅಳೆದರು, ಏನೂ ಬಿಡಬಾರದು ಅಂತ ಗೂಳಿಯ ಬಾಲವನ್ನೂ ಅಳೆದರು.

"ಈ ಗೂಳಿ ಯಾವಾಗಿಂದ ಇಲ್ಲಿದೆ ಅಮ್ಮ?"

"ನಾನು ಮದುವೆಯಾಗಿ ಬಂದಾಗ್ಲೇ ಇತ್ತು."

ತಂಗಿಯ ಮಗ ಕೆಮ್ಮಿದ. ಅಧಿಕಾರಿ ನನ್ನ ನರೆತ ತಲೆ ನೋಡಿದರು, ಗೂಳಿಯನ್ನು ನೋಡಿದರು.

"ಅಷ್ಟು ವರ್ಷ ಬದುಕತ್ತಾ ಗೂಳಿ?"

"ಚೆನ್ನಾಗಿ ನೋಡ್ಕೊಂಡಿದೀವಿ ಸ್ವಾಮಿ."

ಡಾಕ್ಟರು ಜೋಳಿಗೆಯೊಳಗಿನ ಕೈ ಕುಣಿಸಿದರು. "ಸೈಕಲ್ ಕಂಡ್ರೆ ಆಗಲ್ವಂತಲ್ಲ, ತೋರಿಸ್ಲಿ ನೋಡೋಣ!"

ಹೆಲ್ಮೆಟ್ ವಿಧಿಯಿಲ್ಲದೆ ತನ್ನ ಸೈಕಲ್ ತಂದು ಅದರ ಮುಂದೆ ನಿಲ್ಲಿಸಿದ. ಗೂಳಿ ಕಣ್ಣು ಬಿಟ್ಟಿತು, ಎದ್ದಿತು, ಹತ್ತಿರ ಬಂತು. ಅದು ನಾಲಿಗೆ ಚಾಚಿ ಹ್ಯಾಂಡಲ್ ನೆಕ್ಕಿತು. ಬೆವರಿನ ಉಪ್ಪು! ಹ್ಯಾಂಡಲ್ ಮುಗಿಸಿ ಸೀಟಿಗೆ ಬಂತು, ಕಣ್ಣು ಮುಚ್ಚಿಕೊಂಡು, ಕರುವನ್ನು ನೆಕ್ಕುವ ಹಸುವಿನ ಹಾಗೆ. ಡಾಕ್ಟರು ನಗಲು ಹೋಗಿ ಕೊರಳು ನೋಯಿಸಿಕೊಂಡರು. ನನ್ನ ಗುಡ್ಡ ಕಣ್ಣ ಮುಂದೆಯೇ ಕರಗುತ್ತಿತ್ತು, ಆ ಉಪ್ಪಿನ ಹಾಗೆ.

ಆದರೆ ಅಧಿಕಾರಿ ಬಲು ಕಟ್ಟುನಿಟ್ಟಿನವರು. "ನಿಂತ ಸೈಕಲ್ ಬೇರೆ, ಓಡೋ ಸೈಕಲ್ ಬೇರೆ. ಎರಡೂ ನೋಡ್ಬೇಕು" ಅಂದವರೇ ಪ್ಯಾಂಟು ಮಡಿಸಿ ತಾವೇ ಹತ್ತಿದರು. ತುಳಿದರು. ಗೂಳಿ ನಾಲಿಗೆ ಹೊರಗೇ ಇಟ್ಟುಕೊಂಡು ನೋಡಿತು, ಉಪ್ಪು ಹೊರಟುಹೋಗುತ್ತಿದೆ! ಎಲ್ಲಿತ್ತೋ ಆ ಕಾಲಿಗೆ ಬಲ, ಧಡಧಡನೆ ಹಿಂದೆ ಬಿತ್ತು. ಅಧಿಕಾರಿ ತಿರುಗಿ ನೋಡಿದರು, ಕಿರುಚಿದರು, ಇನ್ನೂ ಜೋರಾಗಿ ತುಳಿದರು. ಹೆದರಿಕೆಗೆ ಬೆವರು ಕಿತ್ತುಕೊಂಡಿತು. ಬೆವರಿನ ವಾಸನೆಗೆ ಗೂಳಿ ಇನ್ನೂ ಜೋರಾಯಿತು. ಕೊನೆಗೆ ಗುಡ್ಡದ ಬುಡದಲ್ಲಿ ಸೈಕಲ್ ಬಿಸಾಡಿ, ಆ ಕಡ್ಡಿ ಮನುಷ್ಯ ಒಂದೇ ನೆಗೆತಕ್ಕೆ ಮರದ ಕೊಂಬೆ ಹಿಡಿದು ಮೇಲೆ ಕೂತರು. ಗೂಳಿ ಕೆಳಗೆ ನಿಂತು ಅವರ ಜೋತುಬಿದ್ದ ಬೂಟು ನೆಕ್ಕತೊಡಗಿತು. ಮೇಲಿನಿಂದ ನೋಡಿದವರಿಗೆ ಅದು ಕಾಲು ಕಚ್ಚಲು ಬಂದ ಹಾಗೇ ಕಾಣಬೇಕು.

ನಾವೆಲ್ಲ ಓಡಿ ಹೋಗಿ ಮರದ ಸುತ್ತ ನಿಂತೆವು.

"ಅಮ್ಮಾ!" ಅಂದರು ಅಧಿಕಾರಿ, ಕೊಂಬೆಯನ್ನು ತಬ್ಬಿಕೊಂಡು. "ಇಷ್ಟು ವರ್ಷ ಸಾಕಿದೀರಿ, ಇದರ ಮನಸ್ಸು ನಿಮಗೇ ಗೊತ್ತು. ಇದು ಅಟ್ಟಿಸ್ಕೊಂಡು ಬಂದದ್ದು ದ್ವೇಷಕ್ಕೋ, ಪ್ರೀತಿಗೋ? ನೀವು ಹೇಳಿದ್ದನ್ನೇ ವರದೀಲಿ ಬರೀತೀನಿ."

ಡಾಕ್ಟರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ತಂಗಿಯ ಮಗ ಕೆಮ್ಮುವುದನ್ನೂ ಮರೆತಿದ್ದ. ದ್ವೇಷ ಅಂದರೆ ಗುಡ್ಡ ಉಳಿಯುತ್ತದೆ, ಆದರೆ ಅವರು ಹೆದರಿ ಮರದಿಂದ ಇಳಿಯುವುದಿಲ್ಲ, ನನ್ನ ಮರದಲ್ಲಿ ಕೂತ ಮನುಷ್ಯ ಬಿದ್ದರೆ ಅದೂ ನನ್ನ ತಲೆಗೆ. ಪ್ರೀತಿ ಅಂದರೆ ಅವರು ಈಗಲೇ ಇಳಿಯುತ್ತಾರೆ, ಗುಡ್ಡವೂ ಅವರ ಜೊತೆಗೇ ಇಳಿದು ಹೋಗುತ್ತದೆ.

ನಾನು ಬಾಯಿ ತೆರೆದೆ. ಏನಂದಿರಬಹುದು? ನೀನೇ ಹೇಳು, ನೋಡೋಣ.